ಕಿಟಕಿ ತೆರೆದಿದ್ದ ಹದಿನೆಂಟು ಗಂಟೆ: ರೇಡಾನ್ ಅಳೆಯುವವರ ವೃತ್ತಿಧರ್ಮ

ಕಳೆದ ಅಕ್ಟೋಬರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳು ಷಿಕಾಗೋದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ ಮನೆ ಕೊಳ್ಳುವ ಕೊನೆಯ ಹಂತದಲ್ಲಿದ್ದಳು. ಮಣ್ಣಿನಿಂದ ಮನೆಯೊಳಗೆ ಸೇರುವ ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಅಳೆಯಲು ಬೇಸ್‌ಮೆಂಟಿನಲ್ಲಿ ಎರಡು ದಿನ ಇಟ್ಟಿದ್ದ ಉಪಕರಣದ ವರದಿ ಕೈಸೇರಿದ ದಿನ ಅದರ ಫೋಟೋ ತೆಗೆದು ನನಗೆ ಕಳಿಸಿ, "ಅಣ್ಣಾ, ನಂಬರ್ ಚೆನ್ನಾಗೇ ಬಂದಿದೆಯಲ್ಲ, ಈ ಮನುಷ್ಯ ಯಾಕೆ ಒಪ್ತಾ ಇಲ್ಲ?" ಎಂದು ಕೇಳಿದಳು. ಸರಾಸರಿ ಲೀಟರಿಗೆ 3.7 ಪಿಕೋಕ್ಯೂರಿ (ವಿಕಿರಣಶೀಲತೆಯನ್ನು ಅಳೆಯುವ ಮಾನ) ಎಂದಿತ್ತು. ಸರಿಪಡಿಸಿಕೊಳ್ಳಿ ಎನ್ನಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿರುವ ಗೆರೆ 4. ಮನೆ ಮಾರುವವರಿಗೂ ಏಜೆಂಟಿಗೂ ಅಷ್ಟೇ ಸಾಕಾಗಿತ್ತು. ಪರೀಕ್ಷೆ ಮಾಡಿದವನು ಮಾತ್ರ ವರದಿಯ ತಲೆಬರಹದಲ್ಲೇ "ಅಸಿಂಧು" ಎಂದು ಬರೆದಿದ್ದ.

ಕಾರಣ ಸರಾಸರಿಯ ಕೆಳಗಿದ್ದ ಗ್ರಾಫಿನಲ್ಲಿತ್ತು. ಉಪಕರಣ ಗಂಟೆಗೊಂದು ಅಳತೆಯಂತೆ 48 ಅಳತೆಗಳನ್ನು ದಾಖಲಿಸಿತ್ತು. ಮೊದಲ 30 ಗಂಟೆ 5ರ ಆಸುಪಾಸಿನಲ್ಲೇ ಏರಿಳಿಯುತ್ತಿದ್ದ ಗೆರೆ ಅಲ್ಲಿಂದ ಧಡಕ್ಕನೆ ಕೆಳಗಿಳಿದು, ಉಳಿದ 18 ಗಂಟೆ ಒಂದೂವರೆಯ ಮೇಲೇಳಲೇ ಇಲ್ಲ. ಅದೇ ಹೊತ್ತಿಗೆ ಉಪಕರಣದ ಉಷ್ಣತೆಯ ಗೆರೆಯೂ ಇಳಿದಿತ್ತು. ಬೇಸ್‌ಮೆಂಟಿನ ಕಿಟಕಿ ತೆರೆದಿತ್ತು ಎಂದು ಊಹಿಸಲು ದೊಡ್ಡ ವಿಜ್ಞಾನವೇನೂ ಬೇಕಿಲ್ಲ. ಆದರೆ ಅದನ್ನು ಯಾರು ತೆರೆದರು, ಬೇಕೆಂದೇ ತೆರೆದರೋ ಸ್ವಚ್ಛ ಮಾಡಲು ಬಂದವರು ಮರೆತು ಬಿಟ್ಟರೋ ಎಂಬುದನ್ನು ಆತ ವರದಿಯಲ್ಲಿ ಬರೆಯಲಿಲ್ಲ. ಅದು ತನಗೆ ಗೊತ್ತಿಲ್ಲದ ಸಂಗತಿ, ಆದ್ದರಿಂದ ತನ್ನ ವರದಿಗೆ ಸೇರಿದ್ದಲ್ಲ ಎಂಬುದು ಆತನ ನಿಲುವಾಗಿತ್ತು. ಮುಚ್ಚಿದ ಮನೆಯ ಸ್ಥಿತಿ ಪರೀಕ್ಷೆಯ ಉದ್ದಕ್ಕೂ ಉಳಿದಿತ್ತೆಂದು ಹೇಳಲು ಬರುವುದಿಲ್ಲ, ಆದ್ದರಿಂದ ಈ ಅಂಕಿಯ ಮೇಲೆ ಯಾವ ನಿರ್ಧಾರವನ್ನೂ ಮಾಡಬಾರದು ಎಂಬ ಒಂದೇ ಸಾಲು ಬರೆದು ಸಹಿ ಹಾಕಿದ್ದ.

ರೇಡಾನ್ ಹಾಗೂ ಒಟ್ಟಾರೆ ಮನೆಯೊಳಗಿನ ಗಾಳಿಯ ಗುಣಮಟ್ಟಕ್ಕೆ ಸಂಬಂಧಿಸಿದ ವೃತ್ತಿಯಲ್ಲಿ ನೀತಿಯ ಪ್ರಶ್ನೆ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಮನೆಯ ಛಾವಣಿ ಸೋರಿದರೆ ಮಾಲೀಕನಿಗೆ ಕಾಣುತ್ತದೆ. ಕೊಳಾಯಿ ರಿಪೇರಿಗೆ ಬಂದವನು ಕೆಲಸ ಕೆಡಿಸಿದರೆ ಮರುದಿನವೇ ನೆಲ ಒದ್ದೆಯಾಗುತ್ತದೆ. ರೇಡಾನ್ ಹಾಗಲ್ಲ. ಮಣ್ಣು ಬಂಡೆಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ತಲೆನೋವು ಯಾವುದೂ ಇಲ್ಲ. 3.8 ದಿನಕ್ಕೆ ಅರ್ಧದಷ್ಟು ಕ್ಷಯಿಸುವ ಅದು ಪೊಲೋನಿಯಂನಂಥ ಮರಿಧಾತುಗಳನ್ನು ಹೆತ್ತು, ಅವು ಧೂಳಿನ ಕಣಗಳಿಗಂಟಿ ಶ್ವಾಸಕೋಶ ಸೇರಿ, ಅಲ್ಲಿ ಆಲ್ಫಾ ಕಣಗಳನ್ನು ಹೊರಸೂಸುತ್ತವೆ. ಹಾನಿಯೇನಾದರೂ ಆಗುವುದಿದ್ದರೆ ಅದು ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ವರ್ಷಗಳ ನಂತರ, ಶ್ವಾಸಕೋಶದ ಕ್ಯಾನ್ಸರ್ ರೂಪದಲ್ಲಿ. ಆಗಲೂ ಅದು ರೇಡಾನಿನಿಂದಲೇ ಬಂದದ್ದೆಂದು ಯಾವ ವೈದ್ಯರೂ ಬೊಟ್ಟುಮಾಡಿ ತೋರಿಸಲಾರರು. ಅಂದರೆ ಕೆಲಸ ಚೆನ್ನಾಗಿ ಆಯಿತೋ ಕೆಟ್ಟಿತೋ ಎಂಬುದನ್ನು ಗ್ರಾಹಕ ತನ್ನ ಜೀವಮಾನದಲ್ಲಿ ಸ್ವಂತವಾಗಿ ತಿಳಿಯುವಂತಿಲ್ಲ. ಅವನ ಕೈಗೆ ಬರುವುದು ಒಂದು ಅಂಕಿ. ಆ ಅಂಕಿಯನ್ನು ಹುಟ್ಟಿಸಿದ ವಿಧಾನ ಇನ್ನೊಬ್ಬರು ಪರಿಶೀಲಿಸಲು ಬರುವಂತಿದ್ದರೆ ಅದಕ್ಕೆ ಬೆಲೆ, ಇಲ್ಲದಿದ್ದರೆ ಅದು ಬರೀ ಹೇಳಿಕೆ. ಹಾಗಾಗಿ ಈ ವೃತ್ತಿಯಲ್ಲಿ ಪ್ರಾಮಾಣಿಕತೆಯನ್ನು ವ್ಯಕ್ತಿಯ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಕಾರ್ಯವಿಧಾನದಲ್ಲಿ ಹುಡುಕುವುದು ಸರಿ ಎಂಬುದು ನನ್ನ ವಾದ.

ಈ ವೃತ್ತಿ ಹುಟ್ಟಿದ್ದೇ ಒಂದು ಆಕಸ್ಮಿಕದಿಂದ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಸ್ಟಾನ್ಲಿ ವಾಟ್ರಸ್ ಅವರು ವಿಕಿರಣ ಪತ್ತೆ ಮಾಡುವ ದ್ವಾರವನ್ನು ದಾಟಿದಾಗಲೆಲ್ಲ ಗಂಟೆ ಹೊಡೆದುಕೊಳ್ಳತೊಡಗಿತು. ಹುಡುಕುತ್ತಾ ಹೋದಾಗ ಮೂಲ ಸಿಕ್ಕಿದ್ದು ಸ್ಥಾವರದಲ್ಲಲ್ಲ, ಅವರ ಸ್ವಂತ ಮನೆಯಲ್ಲಿ. ಅಲ್ಲಿನ ಗಾಳಿಯಲ್ಲಿ ರೇಡಾನ್ ಪ್ರಮಾಣ ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ, ಅಂದರೆ ಈಗಿನ ಗೆರೆಯ ಆರುನೂರು ಪಟ್ಟಿಗೂ ಹೆಚ್ಚು. ಸುದ್ದಿ ಹರಡಿದ ಮೇಲೆ ಪೂರ್ವ ಕರಾವಳಿಯ ರಾಜ್ಯಗಳಲ್ಲಿ ಜನ ಗಾಬರಿಬಿದ್ದರು, ಗಾಬರಿಯ ಬೆನ್ನಿಗೇ ವ್ಯಾಪಾರ ಬಂತು. ನಿನ್ನೆಯವರೆಗೆ ಬೇಸ್‌ಮೆಂಟಿನ ನೀರು ಹೊರಹಾಕುತ್ತಿದ್ದವರೂ ಗೆದ್ದಲು ಓಡಿಸುತ್ತಿದ್ದವರೂ ರೇಡಾನ್ ತಜ್ಞರಾಗಲು ಅಡ್ಡಿಯೇ ಇರಲಿಲ್ಲ. 1986ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅಳತೆಗಾರರ ಸಾಮರ್ಥ್ಯ ಪರೀಕ್ಷಿಸುವ ಕಾರ್ಯಕ್ರಮ ಆರಂಭಿಸಿತು. ಕಂಪನಿಗಳು ಕಳಿಸಿದ ಉಪಕರಣಗಳನ್ನು ರೇಡಾನ್ ಮಟ್ಟ ಮೊದಲೇ ಗೊತ್ತಿರುವ ಕೋಣೆಯಲ್ಲಿಟ್ಟು, ಅವು ಎಷ್ಟು ಸರಿಯಾಗಿ ಓದುತ್ತವೆಂದು ನೋಡುವ ಕ್ರಮ ಅದು. 1988ರಲ್ಲಿ ಸಂಸತ್ತು ಒಳಾಂಗಣ ರೇಡಾನ್ ನಿವಾರಣಾ ಕಾಯ್ದೆ ತಂದು ಇಂಥ ಕಾರ್ಯಕ್ರಮಗಳಿಗೆ ಶಾಸನದ ಬಲ ಕೊಟ್ಟಿತು.

ಆದರೆ ಹತ್ತೇ ವರ್ಷಕ್ಕೆ, 1998ರಲ್ಲಿ, ಸಂಸ್ಥೆ ಆ ಕೆಲಸದಿಂದ ಕೈತೊಳೆದುಕೊಂಡಿತು. ಪ್ರಮಾಣಪತ್ರ ಕೊಡುವ ಕೆಲಸ ಎರಡು ಖಾಸಗಿ ಸಂಸ್ಥೆಗಳ ಪಾಲಾಯಿತು. ಒಂದು ರಾಷ್ಟ್ರೀಯ ರೇಡಾನ್ ಪ್ರಾವೀಣ್ಯ ಕಾರ್ಯಕ್ರಮ, ಇನ್ನೊಂದು ರಾಷ್ಟ್ರೀಯ ರೇಡಾನ್ ಸುರಕ್ಷಾ ಮಂಡಳಿ. ಈಗಿನ ಸ್ಥಿತಿ ಏನೆಂದರೆ ಇಲಿನಾಯ್, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಓಹಾಯೋ, ಅಯೋವಾ, ಮಿನೆಸೋಟಾ, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಈ ಕೆಲಸಕ್ಕೆ ರಾಜ್ಯದ ಕಾನೂನುಬದ್ಧ ಅನುಮತಿ ಬೇಕು. ಅನೇಕ ರಾಜ್ಯಗಳಲ್ಲಿ ಖಾಸಗಿ ಪ್ರಮಾಣಪತ್ರ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು. ಅಲ್ಲಿ ಏನೂ ಇಲ್ಲದವನೂ ಕೆಲಸ ಮಾಡಬಹುದು. ಪರಿಸರ ಸಂರಕ್ಷಣಾ ಸಂಸ್ಥೆಯ ಸ್ವಂತ ತಪಾಸಣಾ ವಿಭಾಗವಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2009ರ ಮೇ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ, ರೇಡಾನ್ ಪರೀಕ್ಷೆಗಳ ನಿಖರತೆ ಹಾಗೂ ವಿಶ್ವಾಸಾರ್ಹತೆಯ ಮೇಲೆ ಸಂಸ್ಥೆಯ ಉಸ್ತುವಾರಿಯೇ ಇಲ್ಲವೆಂದು ಹೇಳಿತು. "ಮನೆ ಪರೀಕ್ಷಿಸಿಕೊಳ್ಳಿ" ಎಂದು ಜನರಿಗೆ ಕರೆ ಕೊಡುತ್ತಲೇ ಇರುವ ಸರ್ಕಾರ, ಆ ಪರೀಕ್ಷೆಯ ಫಲಿತಾಂಶಕ್ಕೆ ಹೊಣೆ ಹೊರಲು ತಯಾರಿಲ್ಲ.

ಸಂತೆಯಲ್ಲಿ ಟೊಮೆಟೊ ತೂಗುವ ತಕ್ಕಡಿಗೂ ಬಟ್ಟಿಗೂ ನಮ್ಮಲ್ಲಿ ಕಾಲಕಾಲಕ್ಕೆ ಸರ್ಕಾರಿ ಮುದ್ರೆ ಬೀಳಬೇಕು. ಮುದ್ರೆ ಇದ್ದಮಾತ್ರಕ್ಕೆ ಮೋಸವಾಗುವುದಿಲ್ಲ ಎಂದಲ್ಲ. ಮೋಸವಾದರೆ ಯಾವುದಕ್ಕೆ ಹೋಲಿಸಿ ಮೋಸ ಎನ್ನಬೇಕು ಎಂಬುದು ಗೊತ್ತಾಗುತ್ತದೆ, ಅಷ್ಟೆ. ರೇಡಾನ್ ವೃತ್ತಿಯ ಮಾನದಂಡಗಳ ಕೆಲಸವೂ ಅದೇ. ಅಲ್ಪಾವಧಿ ಪರೀಕ್ಷೆ ಕನಿಷ್ಠ 48 ಗಂಟೆ ನಡೆಯಬೇಕು. ಅದಕ್ಕೂ 12 ಗಂಟೆ ಮೊದಲಿನಿಂದ ಕೊನೆಯವರೆಗೆ ಕಿಟಕಿಗಳು ಮುಚ್ಚಿರಬೇಕು, ಬಾಗಿಲುಗಳನ್ನು ಹೋಗಿಬರುವಷ್ಟು ಮಾತ್ರ ತೆರೆಯಬೇಕು. ಈ 12 ಗಂಟೆಯ ನಿಯಮ ಯಾರೋ ಮನಬಂದಂತೆ ಹಾಕಿದ್ದಲ್ಲ. ಕಿಟಕಿ ತೆರೆದರೆ ಒಂದೆರಡು ಗಂಟೆಯಲ್ಲಿ ಇಳಿದುಬಿಡುವ ರೇಡಾನ್, ಮುಚ್ಚಿದ ಮೇಲೆ ಮಣ್ಣಿನಿಂದ ಮತ್ತೆ ಒಸರಿ ತನ್ನ ಮಟ್ಟಕ್ಕೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಉಪಕರಣ ನೆಲದಿಂದ ಕನಿಷ್ಠ ಐವತ್ತು ಸೆಂಟಿಮೀಟರ್ ಮೇಲಿರಬೇಕು, ಹೊರಬಾಗಿಲು ಕಿಟಕಿಗಳಿಂದ ಸುಮಾರು ಮೂರು ಅಡಿ ದೂರವಿರಬೇಕು, ಅಡುಗೆಮನೆ ಬಚ್ಚಲುಮನೆಗಳಲ್ಲಿ ಇಡಬಾರದು.

ಗ್ರಾಹಕರ ಕಣ್ಣಿಗೆ ಬೀಳದ ಭಾಗವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗಾಳಿಯಲ್ಲಿನ ರೇಡಾನನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗಳನ್ನು ಬಳಸುವ ಪರೀಕ್ಷಕ, ಹತ್ತು ಮನೆಗೊಂದರಂತೆ ಎರಡೆರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು. ನೂರಕ್ಕೆ ಐದರಂತೆ, ತೆರೆಯದೇ ಇದ್ದ ಡಬ್ಬಿಗಳನ್ನು ಉಳಿದವುಗಳ ಜೊತೆಗೇ, ಪ್ರಯೋಗಾಲಯಕ್ಕೆ ಸುಳಿವು ಕೊಡದೆ ಕಳಿಸಬೇಕು; ಅವು ಸೊನ್ನೆಯ ಹತ್ತಿರವೇ ಬರಬೇಕು. ನೂರಕ್ಕೆ ಮೂರರಂತೆ, ಗೊತ್ತಿರುವ ಪ್ರಮಾಣಕ್ಕೆ ಒಡ್ಡಿದ ಡಬ್ಬಿಗಳನ್ನೂ ಸೇರಿಸಬೇಕು. ಗಂಟೆಗಂಟೆಗೆ ದಾಖಲಿಸುವ ಎಲೆಕ್ಟ್ರಾನಿಕ್ ಉಪಕರಣವಾದರೆ ವರ್ಷಕ್ಕೊಮ್ಮೆ ಅದರ ಮಾಪನವನ್ನು ಸರಿಹೊಂದಿಸಿಕೊಂಡು ಬರಬೇಕು. ಇದೆಲ್ಲಕ್ಕೂ ದುಡ್ಡು ಖರ್ಚಾಗುತ್ತದೆ. ಇದ್ಯಾವುದೂ ಗ್ರಾಹಕನ ವರದಿಯಲ್ಲಿ ಕಾಣುವುದಿಲ್ಲ, ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ವೃತ್ತಿಧರ್ಮ ಮೊದಲು ಸವೆಯುವುದು ಇಲ್ಲೇ. ದೊಡ್ಡ ಸುಳ್ಳಿಗಿಂತ ಹೆಚ್ಚು ಮನೆಗಳನ್ನು ಕೆಡಿಸುವುದು "ಈ ವಾರ ಜೋಡಿ ಡಬ್ಬಿ ಇಡದಿದ್ದರೆ ಏನಾದೀತು" ಎಂಬ ಉದಾಸೀನ.

ಸರಿಯಾಗಿ ಅಳೆದ ಅಂಕಿಯನ್ನು ಜನರಿಗೆ ಏನೆಂದು ಹೇಳಬೇಕು ಎಂಬುದು ಇನ್ನೂ ಸೂಕ್ಷ್ಮವಾದ ವಿಷಯ. ಅಮೆರಿಕದ ಗೆರೆ ಲೀಟರಿಗೆ 4 ಪಿಕೋಕ್ಯೂರಿ, ಅಂದರೆ ವಿಕಿರಣಶೀಲತೆಯ ಇನ್ನೊಂದು ಮಾನದಲ್ಲಿ ಘನ ಮೀಟರಿಗೆ 148 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ್ದು 100 ಬೆಕೆರೆಲ್; ಅದು ಸಾಧ್ಯವಾಗದ ದೇಶಗಳಲ್ಲೂ 300 ಮೀರಬಾರದೆಂದಿತು. ಕೆನಡಾದ ಮಾರ್ಗಸೂಚಿ 200. ಗಡಿಯ ಈಚೆಗೆ "ಸರಿಪಡಿಸಲೇಬೇಕು" ಎನ್ನಿಸಿಕೊಳ್ಳುವ ಮನೆ ಆಚೆ ಹೋದರೆ "ಪರವಾಗಿಲ್ಲ" ಎನ್ನಿಸಿಕೊಳ್ಳುತ್ತದೆ, ಆದರೆ ಶ್ವಾಸಕೋಶಕ್ಕೆ ಗಡಿ ಗೊತ್ತಿಲ್ಲ. ಈ ಗೆರೆಗಳೆಲ್ಲ ಅಪಾಯದ ಜೊತೆಗೆ ಖರ್ಚು ಮತ್ತು ತಂತ್ರದ ಮಿತಿಯನ್ನೂ ತೂಗಿ ಹಾಕಿದವು, 3.9ಕ್ಕೆ ಕ್ಷೇಮ, 4.1ಕ್ಕೆ ಮರಣ ಎಂಬ ಅರ್ಥ ಅವುಗಳಿಗಿಲ್ಲ. ಎರಡು ದಿನದ ಪರೀಕ್ಷೆಗೆ ಆ ಎರಡು ಅಂಕಿಗಳ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯೂ ಇಲ್ಲ. 2ರಿಂದ 4ರ ನಡುವೆ ಬಂದರೂ ಸರಿಪಡಿಸುವ ಬಗ್ಗೆ ಯೋಚಿಸಿ ಎಂದು ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಇದನ್ನೆಲ್ಲ ಗ್ರಾಹಕನಿಗೆ ಹೇಳದೆ "ಪಾಸು", "ಫೇಲು" ಎಂದು ಬರೆದುಕೊಡುವ ಪರೀಕ್ಷಕ ಸುಳ್ಳು ಹೇಳಿದಂತಾಗುವುದಿಲ್ಲ ನಿಜ, ಆದರೆ ನಿಜ ಹೇಳಿದಂತೆಯೂ ಆಗುವುದಿಲ್ಲ.

ಹೆದರಿಸಿ ಮಾರುವುದಕ್ಕೂ ಇಲ್ಲಿ ಹೇರಳ ಅವಕಾಶವಿದೆ. ರೇಡಾನಿನಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಶ್ವಾಸಕೋಶ ಕ್ಯಾನ್ಸರ್ ಸಾವುಗಳಾಗುತ್ತವೆ ಎಂಬುದು ಪರಿಸರ ಸಂರಕ್ಷಣಾ ಸಂಸ್ಥೆಯ 2003ರ ಅಂದಾಜು. ಪೈಪು ಫ್ಯಾನು ಹಾಕಿ ರೇಡಾನ್ ತಗ್ಗಿಸಿಕೊಡುವ ಮಿಟಿಗೇಶನ್ ಕಂಪನಿಗಳ ಕರಪತ್ರಗಳಲ್ಲಿ ಈ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಅದೇ ಅಂದಾಜಿನ ಪ್ರಕಾರ ಅವರಲ್ಲಿ ಎಂದೂ ಸಿಗರೇಟು ಸೇದದವರು ಸುಮಾರು 2,900 ಮಂದಿ, ಆ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಜೀವಮಾನವಿಡೀ 4 ಪಿಕೋಕ್ಯೂರಿ ಮಟ್ಟದ ಮನೆಯಲ್ಲಿದ್ದರೆ ಧೂಮಪಾನಿಗಳಲ್ಲಿ ಸಾವಿರಕ್ಕೆ ಸುಮಾರು 62 ಮಂದಿಗೆ, ಎಂದೂ ಸೇದದವರಲ್ಲಿ ಸುಮಾರು 7 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಎಂಬುದು ಸಂಸ್ಥೆಯದೇ ಲೆಕ್ಕ. ಮನೆಯಲ್ಲಿ ಯಾರೂ ಸಿಗರೇಟು ಮುಟ್ಟದ ಕುಟುಂಬದ ಮುಂದೆ 62ನ್ನು ಮಾತ್ರ ಇಡುವುದು ಹೆದರಿಸುವುದೇ. ಹಾಗೆಂದು 7 ಎಂಬುದೂ ಸೊನ್ನೆಯಲ್ಲ. ಮಾರಾಟ ಕೆಡಬಾರದೆಂದು "ನಿಮಗೇನೂ ಆಗಲ್ಲ ಬಿಡಿ" ಎನ್ನುವವನೂ ಅದೇ ತಪ್ಪನ್ನು ಇನ್ನೊಂದು ಕಡೆಯಿಂದ ಮಾಡುತ್ತಾನೆ. ಮನೆಯಲ್ಲಿ ಸೇದುವವರಿದ್ದಾರೆಯೇ ಎಂದು ಮೊದಲು ಕೇಳಿ, ಆಮೇಲೆ ಅವರಿಗೆ ಸಲ್ಲುವ ಅಂಕಿಯನ್ನು ಕೊಡಬೇಕು. ಸೇದುವುದನ್ನು ಬಿಟ್ಟರೆ ಫ್ಯಾನು ಹಾಕಿಸುವುದಕ್ಕಿಂತ ಹೆಚ್ಚು ಲಾಭ ಎಂದು ಹೇಳುವ ಮಿಟಿಗೇಶನ್ ಕಂಪನಿಯವನು ಸಿಕ್ಕರೆ ಅವನನ್ನು ನಂಬಬಹುದು.

2008ರಲ್ಲಿ ಇಂಥದ್ದೇ ಗಾಬರಿಯೊಂದು ಅಡುಗೆಮನೆಯ ಗ್ರಾನೈಟ್ ಕಟ್ಟೆಗಳು ರೇಡಾನ್ ಸೂಸುತ್ತವೆ ಎಂದು ಅವುಗಳ ಸುತ್ತ ಎದ್ದಿತ್ತು. ಇಳಕಲ್ಲು, ಕನಕಪುರಗಳ ಕಲ್ಲು ಹಡಗು ಹತ್ತುವ ನಮಗೆ ಅದು ದೂರದ ಸಂಗತಿಯಲ್ಲ. ಕಟ್ಟೆಯ ಮೇಲೆ ವಿಕಿರಣ ಪತ್ತೆಮಾಡುವ ಗೀಗರ್ ಕೌಂಟರ್ ಇಟ್ಟು ಟಿಕ್‌ಟಿಕ್ ಸದ್ದು ಕೇಳಿಸಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಆದರೆ ಗೀಗರ್ ಕೌಂಟರ್ ರೇಡಾನನ್ನು ಅಳೆಯುವುದಿಲ್ಲ. ಮನೆಯ ರೇಡಾನಿನ ಮುಖ್ಯ ಮೂಲ ಅಡಿಪಾಯದ ಕೆಳಗಿನ ಮಣ್ಣೇ ಹೊರತು ಸಾಮಾನ್ಯವಾಗಿ ಕಟ್ಟೆಯ ಕಲ್ಲಲ್ಲ. ತಪ್ಪು ಉಪಕರಣದಿಂದ ಬಂದ ನಿಜವಾದ ಸದ್ದು ಹೀಗೆ ಸುಳ್ಳಾಗುತ್ತದೆ.

ಇನ್ನು ಹಿತಾಸಕ್ತಿ ಸಂಘರ್ಷದ ಮಾತು. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವನೂ ಕೊರೆಯುವ ಲಾರಿಯ ಏಜೆಂಟನೂ ಒಬ್ಬನೇ ಆದರೆ ಪ್ರತಿ ಹೊಲದಲ್ಲೂ ನೀರು "ಕಾಣುತ್ತದೆ", ಅದೂ ಆರುನೂರು ಅಡಿಯ ಕೆಳಗೇ. ರೇಡಾನ್ ಅಳೆಯುವ ಕಂಪನಿಯೇ ಅದನ್ನು ತಗ್ಗಿಸುವ ಗುತ್ತಿಗೆಯನ್ನೂ ಹಿಡಿದರೆ, ಕೊನೆಗೆ ತಗ್ಗಿತು ಎಂದು ಪ್ರಮಾಣಪತ್ರವನ್ನೂ ಅದೇ ಕೊಟ್ಟರೆ, ಆ ಮೂರು ಹಂತಗಳಲ್ಲಿ ಎಲ್ಲೂ ಹೊರಗಿನವರ ಕಣ್ಣಿರುವುದಿಲ್ಲ. ಕೆಲಸ ಮುಗಿದು ಕನಿಷ್ಠ 24 ಗಂಟೆಯಾದ ಮೇಲೆ, 30 ದಿನಗಳೊಳಗೆ ಮರುಪರೀಕ್ಷೆ ಆಗಬೇಕು, ಅದನ್ನು ಬೇರೆಯವರಿಂದ ಮಾಡಿಸುವುದು ಒಳ್ಳೆಯದು ಎಂಬುದು ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಸಲಹೆ ಕಾನೂನಲ್ಲ.

ಬೂಷ್ಟಿನ ವಿಷಯದಲ್ಲಿ ಅಮೆರಿಕದ ಕೆಲವು ರಾಜ್ಯಗಳು ಇದಕ್ಕಿಂತ ಗಟ್ಟಿಯಾದ ನಿಲುವು ತೆಗೆದುಕೊಂಡಿವೆ. 2001ರಲ್ಲಿ ಟೆಕ್ಸಾಸಿನ ಜ್ಯೂರಿಯೊಂದು ಮನೆ ಬೂಷ್ಟು ಹಿಡಿದ ಪ್ರಕರಣದಲ್ಲಿ ವಿಮಾ ಕಂಪನಿಯ ಮೇಲೆ 3.2 ಕೋಟಿ ಡಾಲರುಗಳ ಪರಿಹಾರ ಹೊರಿಸಿತು. ಮೇಲ್ಮನವಿಯಲ್ಲಿ ಅದು ಬಹಳ ಇಳಿದರೂ, ಅಷ್ಟರಲ್ಲಿ ಬೂಷ್ಟಿನ ವ್ಯಾಪಾರ ಕುದುರಿತ್ತು. ಟೆಕ್ಸಾಸ್ ಆಮೇಲೆ ತಂದ ಕಾನೂನಿನಲ್ಲಿ, ಒಂದೇ ಮನೆಯಲ್ಲಿ ಬೂಷ್ಟನ್ನು ಪರಿಶೀಲಿಸಿದವನೇ ಅದನ್ನು ತೆಗೆಯುವ ಕೆಲಸವನ್ನೂ ಮಾಡುವಂತಿಲ್ಲ. ನ್ಯೂಯಾರ್ಕ್ 2016ರಿಂದ ಇದೇ ನಿಯಮ ಜಾರಿಗೆ ತಂದಿತು, ಫ್ಲಾರಿಡಾದಲ್ಲೂ ಅಂಥದ್ದೇ ನಿರ್ಬಂಧವಿದೆ. ರೇಡಾನ್ ಕೆಲಸದಲ್ಲಿ ಇದನ್ನೇ ಏಕೆ ಕಡ್ಡಾಯ ಮಾಡಬಾರದು ಎಂದರೆ, ಕಡಿಮೆ ಜನವಸತಿಯ ಕೌಂಟಿಗಳಲ್ಲಿ ಎರಡು ಕಂಪನಿಗಳೇ ಇರುವುದಿಲ್ಲ, ನಿಯಮ ಬಿಗಿಯಾದರೆ ಜನ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ ಎಂಬ ಉತ್ತರ ಬರುತ್ತದೆ. ಮೊದಲ ಪರೀಕ್ಷೆಯ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಆದರೆ ಕೆಲಸದ ನಂತರದ ಮರುಪರೀಕ್ಷೆಗೆ ಅದು ಸಲ್ಲುವುದಿಲ್ಲ. ಅಂಚೆಯಲ್ಲಿ ತರಿಸಿಕೊಂಡ ಇದ್ದಿಲಿನ ಡಬ್ಬಿಯನ್ನು ಮನೆಯವರೇ ಇಟ್ಟು, ಕಂಪನಿಗೆ ಸಂಬಂಧವಿಲ್ಲದ ಪ್ರಯೋಗಾಲಯಕ್ಕೆ ಕಳಿಸಿದರೆ ಆಯಿತು, ಅದಕ್ಕೆ ಎರಡನೆಯ ಕಂಪನಿಯೇ ಬೇಕಿಲ್ಲ. ಸಂಬಂಧವನ್ನು ಬರಹದಲ್ಲಿ ತಿಳಿಸಿದರೆ ಸಾಕು ಎಂಬ ನಿಯಮಗಳ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ಮನೆ ಕೊಳ್ಳುವ ದಿನ ಐವತ್ತು ಕಾಗದಗಳಿಗೆ ಸಹಿ ಹಾಕುವವನು ಐವತ್ತೊಂದನೆಯದನ್ನು ಓದುತ್ತಾನೆಯೇ?

ಯಾರು ಗ್ರಾಹಕ ಎಂಬ ಗೊಂದಲವೂ ಇದರ ಜೊತೆಗಿದೆ. ಮನೆ ಕೈಬದಲಾಗುವಾಗ ಪರೀಕ್ಷೆಗೆ ಹಣ ಕೊಡುವವನು ಕೊಳ್ಳುವವನು, ಮನೆ ಮಾರುವವನದು, ಪರೀಕ್ಷಕನ ಹೆಸರು ಸೂಚಿಸಿದ್ದು ಏಜೆಂಟು. ಮುಂದಿನ ಇಪ್ಪತ್ತು ಪರೀಕ್ಷೆಗಳು ಬರುವುದೂ ಆ ಏಜೆಂಟಿನಿಂದಲೇ. ಆದ್ದರಿಂದ ವ್ಯವಹಾರ ಕೆಡಿಸುವವನು ಎಂಬ ಹೆಸರು ಬಂದರೆ ಪರೀಕ್ಷಕನ ಹೊಟ್ಟೆಪಾಡಿಗೇ ಪೆಟ್ಟು. ಇಲಿನಾಯ್‌ನಲ್ಲಿ 2008ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಮಾರುವವನು ತನಗೆ ಗೊತ್ತಿರುವ ರೇಡಾನ್ ಅಳತೆಗಳನ್ನು ಕೊಳ್ಳುವವನಿಗೆ ತಿಳಿಸಬೇಕು; ಆದರೆ ಅಳೆಸಲೇಬೇಕೆಂದಾಗಲಿ ತಗ್ಗಿಸಲೇಬೇಕೆಂದಾಗಲಿ ಅದು ಹೇಳುವುದಿಲ್ಲ. ಹೀಗಾಗಿ ಗೊತ್ತಿಲ್ಲದಿರುವುದೇ ಮಾರುವವನಿಗೆ ಲಾಭ. ನನ್ನ ತಂಗಿಯ ಏಜೆಂಟ್ ಅಂದು ಪರೀಕ್ಷಕನಿಗೆ ಫೋನ್ ಮಾಡಿ, ಸರಾಸರಿಯನ್ನಷ್ಟೇ ಬರೆದು ಗ್ರಾಫ್ ಬಿಟ್ಟುಬಿಡಬಹುದಲ್ಲ ಎಂದು ಕೇಳಿದ್ದನಂತೆ. ಬಿಟ್ಟಿದ್ದರೆ 3.7 ಎಂಬ ಆ ಅಂಕಿಯಲ್ಲಿ ಒಂದಕ್ಷರ ಸುಳ್ಳಿರುತ್ತಿರಲಿಲ್ಲ.

ತಗ್ಗಿಸುವ ಕೆಲಸದ ಒಳ್ಳೆಯತನ ಕೆಟ್ಟತನಗಳನ್ನು ಗುರುತಿಸುವುದು ಅಳತೆಯಷ್ಟು ಕಷ್ಟವಲ್ಲ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ. ಬೇಸ್‌ಮೆಂಟಿನ ಕಾಂಕ್ರೀಟ್ ಹಾಸಿನಲ್ಲಿ ರಂಧ್ರ ಕೊರೆದು, ಕೆಳಗಿನ ಮಣ್ಣನ್ನು ಒಂದಿಷ್ಟು ಬಗೆದು, ಪಿವಿಸಿ ಪೈಪ್ ಇಳಿಸಿ, ಫ್ಯಾನಿನಿಂದ ಅಲ್ಲಿನ ಗಾಳಿಯನ್ನು ಹೀರಿ ಛಾವಣಿಯ ಮೇಲೆ ಬಿಡುವುದು ಸಾಮಾನ್ಯ ಕ್ರಮ. ಫ್ಯಾನು ಜನ ವಾಸಿಸುವ ಜಾಗದಲ್ಲಿರಬಾರದು. ಏಕೆಂದರೆ ಫ್ಯಾನಿನ ಮೇಲ್ಭಾಗದ ಪೈಪಿನಲ್ಲಿ ಒತ್ತಡ ಹೆಚ್ಚಿದ್ದು, ಜೋಡಣೆಯಲ್ಲಿ ಸಣ್ಣ ಬಿರುಕಿದ್ದರೂ ಸಾಂದ್ರವಾದ ರೇಡಾನ್ ಮನೆಯೊಳಕ್ಕೇ ಸುರಿಯುತ್ತದೆ. ಪೈಪಿನ ಬಾಯಿ ಕಿಟಕಿಯ ಪಕ್ಕ ಇರಬಾರದು. ಪೈಪಿಗೆ ಅಂಟಿಸಿರುವ, ಬಣ್ಣದ ದ್ರವ ತುಂಬಿದ ಯು ಆಕಾರದ ಕೊಳವೆಯನ್ನು ಎಷ್ಟೋ ಮನೆಯವರು ರೇಡಾನ್ ಮೀಟರ್ ಎಂದೇ ತಿಳಿದಿರುತ್ತಾರೆ. ಎರಡು ಕಡೆ ದ್ರವದ ಮಟ್ಟ ಬೇರೆಯಾಗಿದ್ದರೆ ಫ್ಯಾನು ಹೀರುತ್ತಿದೆ ಎಂದಷ್ಟೇ ಅದರ ಅರ್ಥ, ರೇಡಾನ್ ಎಷ್ಟಿದೆ ಎಂಬುದನ್ನು ಅದು ಹೇಳಲಾರದು. ಇದನ್ನು ಒಂದು ನಿಮಿಷ ನಿಂತು ವಿವರಿಸಿ ಹೋಗುವುದು ಮಿಟಿಗೇಶನ್ ಕೆಲಸಗಾರನ ಕರ್ತವ್ಯ. ಎಲ್ಲಕ್ಕಿಂತ ದೊಡ್ಡದು ಹಿಂದೆಳೆತದ ಪರೀಕ್ಷೆ. ಫ್ಯಾನು ಬೇಸ್‌ಮೆಂಟಿನ ಗಾಳಿಯನ್ನೂ ಹೀರತೊಡಗಿದರೆ ಅಲ್ಲಿರುವ ಗ್ಯಾಸ್ ಗೀಸರಿನ ಹೊಗೆ ಚಿಮಣಿಯಲ್ಲಿ ಮೇಲೇರದೆ ವಾಪಸು ಮನೆಯೊಳಗೆ ಬರಬಹುದು. ಇಪ್ಪತ್ತು ವರ್ಷದ ನಂತರದ ಕ್ಯಾನ್ಸರ್ ತಪ್ಪಿಸಲು ಹೋಗಿ ಅದೇ ರಾತ್ರಿ ಕಾರ್ಬನ್ ಮಾನಾಕ್ಸೈಡಿಗೆ ಮನೆಯವರನ್ನು ಒಡ್ಡುವುದು ಎಂಥ ಅವಿವೇಕ!

ರೇಡಾನಿಗೆ ಕನಿಷ್ಠ ಒಂದು ಗೆರೆಯಾದರೂ ಇದೆ. ಮನೆಯ ಗಾಳಿಗೆ ಸಂಬಂಧಿಸಿದ ಉಳಿದ ವ್ಯಾಪಾರಗಳಿಗೆ ಬಹುಮಟ್ಟಿಗೆ ಅದೂ ಇಲ್ಲ. ಗಾಳಿಯಲ್ಲಿ ಎಷ್ಟು ಬೂಷ್ಟಿನ ಬೀಜಕಣಗಳಿರಬಹುದು ಎಂಬುದಕ್ಕೆ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಮಿತಿಯಿಲ್ಲ. ಕಣ್ಣಿಗೆ ಕಾಣುವ ಬೂಷ್ಟಿದ್ದರೆ ಸಾಮಾನ್ಯವಾಗಿ ಮಾದರಿ ಪರೀಕ್ಷೆಯೇ ಬೇಡ, ತೇವ ನಿಲ್ಲಿಸಿ ಶುಚಿಮಾಡಿ ಎಂಬುದು ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ, ಆದರೂ ಮಾದರಿಗಳ ಕಟ್ಟಿಗೆ ಬಿಲ್ಲು ಬರುತ್ತದೆ. ಎಸಿ ನಾಳಗಳನ್ನು ಶುಚಿಗೊಳಿಸುವುದರಿಂದ ಆರೋಗ್ಯ ಸಮಸ್ಯೆ ತಪ್ಪುತ್ತದೆಂದು ಎಂದೂ ಸಾಬೀತಾಗಿಲ್ಲ ಎಂದು ಅದೇ ಸಂಸ್ಥೆ ಹೇಳಿದೆ. ಗಾಳಿ ಶುದ್ಧಿಯ ಹೆಸರಿನಲ್ಲಿ ಓಜೋನ್ ಉಗುಳುವ ಯಂತ್ರಗಳು ಶ್ವಾಸಕೋಶಕ್ಕೇ ಕೆಡುಕು.

ಈ ಎರಡನೆಯ ಬಗೆಯ ವ್ಯಾಪಾರವೇ ಬೆಂಗಳೂರಿಗೆ ಮೊದಲು ತಲುಪಿರುವುದು. ರೇಡಾನ್ ಅಳೆಯುವುದು ನಮ್ಮಲ್ಲಿ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಕೆಲಸ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು ಮೈಸೂರು, ಬೆಂಗಳೂರು ಸುತ್ತಲಿನ ಮನೆಗಳಲ್ಲಿ ಅಳೆದಿದ್ದಾರೆ. ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣಶೀಲತೆಯ ಅಧ್ಯಯನಕ್ಕೆಂದೇ ಕೇಂದ್ರವಿದೆ. ಎಲ್‌ಆರ್ 115 ಎಂಬ ಫಿಲ್ಮಿನ ಚೂರನ್ನು ಸಣ್ಣ ಬಟ್ಟಲಿನಲ್ಲಿಟ್ಟು ಸುಮಾರು ಮೂರು ತಿಂಗಳು ಮನೆಯಲ್ಲಿ ತೂಗುಹಾಕಿ, ಆಮೇಲೆ ಅದನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿಟ್ಟು, ಆಲ್ಫಾ ಕಣಗಳು ಕೊರೆದ ಗುರುತುಗಳನ್ನು ಎಣಿಸುವ ಈ ವಿಧಾನದಲ್ಲಿ ಯಾರಿಗೂ ಏನನ್ನೂ ಮಾರುವ ಆತುರವಿಲ್ಲ. ಮೂರು ತಿಂಗಳ ಸರಾಸರಿಯಾದ್ದರಿಂದ ಒಂದು ದಿನ ಕಿಟಕಿ ತೆರೆದಿದ್ದರೂ ಅಂಕಿ ಅಲುಗುವುದಿಲ್ಲ. ಸದಾ ಕಿಟಕಿ ತೆರೆದಿರುತ್ತಿದ್ದ ನಮ್ಮ ಮನೆಗಳಿಗೆ ರೇಡಾನಿನ ಚಿಂತೆ ಕಡಿಮೆಯೇ ಇತ್ತು. ಎಸಿ ಹಾಕಿ ಗಾಜು ಮುಚ್ಚಿದ ನೆಲಮಾಳಿಗೆಯ ಕಚೇರಿಗಳಲ್ಲಿ ಹಾಗೆಂದುಕೊಳ್ಳಲಾಗದು.

ಬಂದಿರುವುದು ಗಾಳಿಯ ಗುಣಮಟ್ಟದ ಮೀಟರು. ಏರ್ ಪ್ಯೂರಿಫೈಯರ್ ಮಾರಲು ಬರುವವರ ಕೈಯಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದಿರುತ್ತದೆ. ಅದರ ಪರದೆಯಲ್ಲಿ ಕಾಣುವ ಕಾರ್ಬನ್ ಡೈ ಆಕ್ಸೈಡ್ ಅಂಕಿ ಅಗ್ಗದ ಎಷ್ಟೋ ಮಾದರಿಗಳಲ್ಲಿ ಆ ಅನಿಲವನ್ನು ಅಳೆದು ಬಂದದ್ದೇ ಅಲ್ಲ. ಒಗ್ಗರಣೆಯ ಘಾಟು, ಅಗರಬತ್ತಿ, ಸೆಂಟುಗಳಿಂದ ಬರುವ ಆವಿಗಳನ್ನು ಗ್ರಹಿಸಿ ಅದರಿಂದ ಲೆಕ್ಕ ಹಾಕಿದ ಊಹೆ. ಪರದೆಯ ಮೂಲೆಯಲ್ಲಿರುವ "ಇ" (ಎಸ್ಟಿಮೇಟೆಡ್ ಅಥವಾ ಇಕ್ವಿವಲೆಂಟ್) ಎಂಬ ಪುಟ್ಟ ಅಕ್ಷರ ಅದನ್ನೇ ಹೇಳುತ್ತದೆ. ದೇವರಮನೆಯಲ್ಲಿ ಮಂಗಳಾರತಿ ಆದ ತಕ್ಷಣ ಆ ಪೆಟ್ಟಿಗೆಯನ್ನು ಹಾಲಿನಲ್ಲಿಟ್ಟು ತೋರಿಸಿದರೆ ಕೆಂಪು ದೀಪ ಹತ್ತದೇ ಇರುತ್ತದೆಯೇ? ಬೆಳಕಿನ ಚದುರುವಿಕೆಯಿಂದ ಧೂಳು ಅಳೆಯುವ ಸಂವೇದಕಗಳೂ ಮಳೆಗಾಲದ ತೇವದಲ್ಲಿ ನಿಜಕ್ಕಿಂತ ಹೆಚ್ಚು ಓದುತ್ತವೆ. ಒಳಾಂಗಣ ಪರಿಸರಕ್ಕೆ ಮಾನದಂಡ ನಮ್ಮಲ್ಲೂ ಇಲ್ಲದಿಲ್ಲ, ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೆ 2016ರಲ್ಲೇ ಒಂದನ್ನು ಹೊರತಂದಿದೆ. ಆದರೆ ಮನೆ ಬಾಗಿಲಿಗೆ ಬರುವ ಮಾರಾಟಗಾರನ ಮೀಟರನ್ನು ಕೊನೆಯ ಬಾರಿ ಯಾವಾಗ, ಯಾವುದಕ್ಕೆ ಹೋಲಿಸಿ ಸರಿಹೊಂದಿಸಲಾಯಿತು ಎಂದು ಕೇಳುವ ರೂಢಿ ನಮಗಿನ್ನೂ ಬಂದಿಲ್ಲ.

ತಂಗಿಯ ಮನೆಯ ಪರೀಕ್ಷೆ ಆರು ದಿನಗಳ ನಂತರ ಮತ್ತೆ ನಡೆಯಿತು. ಈ ಸಲ ಪರೀಕ್ಷಕ ಬೇಸ್‌ಮೆಂಟಿನ ಎರಡೂ ಕಿಟಕಿಗಳಿಗೆ ತೆರೆದರೆ ಹರಿಯುವಂಥ ಪಟ್ಟಿ ಅಂಟಿಸಿ, ಉಪಕರಣವನ್ನು ಅಲುಗಿಸಿದರೆ ದಾಖಲಾಗುತ್ತದೆ ಎಂಬ ಚೀಟಿಯನ್ನು ಬಾಗಿಲಿಗೆ ಹಚ್ಚಿ, ಮನೆಯವರಿಂದ ಸಹಿ ಪಡೆದು ಹೋಗಿದ್ದ. ಅಂಕಿ 5.2 ಬಂತು. ಮಾರುವವರ ಜೊತೆ ಒಂದಿಷ್ಟು ಜಗ್ಗಾಟವಾಗಿ, ಖರ್ಚಿನಲ್ಲಿ ಅರ್ಧ ಅವರೇ ಕೊಡಲು ಒಪ್ಪಿದರು. ಪರೀಕ್ಷಕನ ಕಂಪನಿ ಮಿಟಿಗೇಶನ್ ಮಾಡುವುದಿಲ್ಲವಾದ್ದರಿಂದ ಪೈಪು ಫ್ಯಾನು ಹಾಕಿದವರು ಬೇರೆಯವರು. ಅದಾದ ಹತ್ತು ದಿನಕ್ಕೆ ಅವನೇ ಬಂದು ಅಳೆದಾಗ 0.9. ವರದಿಯ ಕೊನೆಯಲ್ಲಿ, ಎರಡು ವರ್ಷದ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ, ಅದಕ್ಕೆ ನಾನೇ ಬೇಕೆಂದೇನಿಲ್ಲ ಎಂದು ಬರೆದಿದ್ದಾನೆ.